ಸ್ಯಾಂಟೊರಿನಿಗೆ ಹೊರಟಿದ್ದ ನನ್ನ ಓರಗಿತ್ತಿ

ರೊಟ್ಟಿ ಬಡಿಯುವಾಗ ಅಕ್ಕನ ಎರಡೂ ಕೈಗೆ ಹಿಟ್ಟು ಮೆತ್ತಿರುತ್ತಿತ್ತು. ಹಿಟ್ಟು ತಾಗದ ಕಿರುಬೆರಳಿನ ಗಿಣ್ಣಿನಿಂದ ಮೊಬೈಲಿನ ಪರದೆ ಸರಿಸುತ್ತಾ, ‘ಬಾರೆ, ಇದೊಂದು ನೋಡು’ ಎಂದು ಕರೆಯುತ್ತಿದ್ದಳು. ಕಡುನೀಲಿ ಸಮುದ್ರ, ಕಡಿದಾದ ಗುಡ್ಡದ ನೆತ್ತಿಯಲ್ಲಿ ಒತ್ತೊತ್ತಾಗಿ ಬಿಳಿ ಮನೆಗಳು. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪ.

ಅಕ್ಕ ಎಂದರೆ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಶಿಕಾರಿಪುರದ ನಮ್ಮ ಬಟ್ಟೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳು. ತವರಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್. ಸೊಂಟ ಮುರಿದು ಮಂಚ ಹಿಡಿದಿದ್ದ ಅತ್ತೆ ಅವಳ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಉಣ್ಣುತ್ತಿರಲಿಲ್ಲ.

ಶಿವಮೊಗ್ಗದಿಂದ ಹೆಂಗಸರದೇ ಒಂದು ಗುಂಪು ಅಲ್ಲಿಗೆ ಹೋಗುತ್ತದೆಂದು ತಿಳಿದ ಮೇಲೆ ಅವಳ ಬಾಯಲ್ಲಿ ಅದೇ ಮಾತು. ಆಗಸ್ಟಿನಲ್ಲಿ ಗಾಳಿ ಜೋರು, ಸೆಪ್ಟೆಂಬರೇ ಸರಿ. ಅಥೆನ್ಸಿನಿಂದ ಹಡಗಿನಲ್ಲೇ ಹೋಗಬೇಕು, ಸಮುದ್ರದಿಂದ ನೋಡಿದರೇ ಆ ಊರು ಚೆಂದ. ಒಣ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡರೆ ಊಟದ ಚಿಂತೆಯಿಲ್ಲ. ದಿನದ ಪೂಜೆ ಹೇಗೆ ಎಂದು ಕೇಳಿದ್ದಕ್ಕೆ ನಕ್ಕಳು. ‘ಲಿಂಗ ಕೊರಳಲ್ಲೇ ಇರುತ್ತಲ್ಲೇ ಮಾರಾಯ್ತಿ. ದೇಶ ಯಾವುದಾದ್ರೇನು?’ ಖರ್ಚಿಗೆ ತವರಿನ ಆಸ್ತಿಯಲ್ಲಿ ಬಂದ ಪಾಲಿನ ಹಣ ಇತ್ತು.

ಭಾವ ಬೇಡ ಎನ್ನಲಿಲ್ಲ. ‘ನೋಡೋಣ’ ಎಂದರು, ಅಷ್ಟೆ. ಅಕ್ಕ ತಾನೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ವಿಚಾರಣೆಗೆ ಪೊಲೀಸಿನವರು ಅಂಗಡಿಗೇ ಬಂದಾಗ ಭಾವನಿಗೆ ಗಿರಾಕಿಗಳ ಎದುರು ವಿಷಯ ಗೊತ್ತಾಯಿತು. ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಕೇಳಿದರು: ‘ನಿನಗೆ ನಾನು ಏನು ಕಡಿಮಿ ಮಾಡೀನಿ, ಹೇಳು.’

ನಿಜಕ್ಕೂ ಅವರು ಏನೂ ಕಡಿಮೆ ಮಾಡಿರಲಿಲ್ಲ. ಅಕ್ಕ ಸಾರು ಬಡಿಸುತ್ತಾ, ‘ಏನಿಲ್ಲ ಬಿಡ್ರಿ’ ಎಂದಳು.

ಪಾಸ್‌ಪೋರ್ಟ್ ಬಂತು. ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾದ ದಿನ ಅತ್ತೆ ಬೆಳಗಿನಿಂದ ಊಟಕ್ಕೆ ಬಾಯಿ ತೆರೆಯಲಿಲ್ಲ. ನಾನು ತುತ್ತು ಹಿಡಿದರೆ ಗೋಡೆಯ ಕಡೆ ಹೊರಳಿದರು. ‘ಆಕಿ ಹೋಗಿ ಬರ್ಲಿ. ನನಗೇನು, ಹಸಿವಿಲ್ಲ’ ಎಂದರು. ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದ ಅಕ್ಕ ಬ್ಯಾಗು ಕೆಳಗಿಟ್ಟಳು. ಸೆರಗು ಸಿಕ್ಕಿಸಿ, ತಟ್ಟೆ ನನ್ನ ಕೈಯಿಂದ ತೆಗೆದುಕೊಂಡಳು.

‘ಬೀಗ ಹಾಕಿದ್ರೆ ಒಡೀಬಹುದಿತ್ತು ಕಣೇ. ಇವರು ಯಾರೂ ಬೀಗ ಹಾಕಿಲ್ಲ’ ಎಂದು ಒಮ್ಮೆ ಪಾತ್ರೆ ತೊಳೆಯುವಾಗ ಹೇಳಿದಳು. ಮತ್ತೆ ಆ ದ್ವೀಪದ ಸುದ್ದಿ ಎತ್ತಲಿಲ್ಲ.

ಮರುವರ್ಷ ನನಗೆ ಸೊರಬದ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ನನ್ನ ಗಂಡನೂ ‘ನೋಡೋಣ’ ಎಂದರು. ಅತ್ತೆ ಮತ್ತೆ ಗೋಡೆಯ ಕಡೆ ಹೊರಳಿದರು. ಈ ಸಲ ಅಕ್ಕ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ‘ಅವಳು ಹೋಗೋದು ಹೋಗೋದೇ ಅತ್ತೆ. ನೀವು ಉಣ್ಣದಿದ್ರೆ ನಾನೂ ಉಣ್ಣಲ್ಲ.’

ಅಕ್ಕನಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು ಮೀರಿದರೆ ಕೈ ನಡುಗುತ್ತಿತ್ತು. ಭಾವ ಬಂದು ಏಳೆಂದರು, ನಾನು ಕೆಲಸವೇ ಬೇಡವೆಂದೆ. ಅವಳು ಕದಲಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳ ಹಣೆಯೆಲ್ಲ ಬೆವರಿತ್ತು. ಅತ್ತೆ ತಿರುಗಿ ನೋಡಿದರು. ‘ಮೊದ್ಲು ನೀ ಉಣ್ಣು. ಆಕಿ ಹೋಗ್ಲಿ’ ಎಂದರು.

‘ನಿನ್ನ ಸಲುವಾಗಿ ಹೀಗೆ ಕೂರಲಿಲ್ಲವಲ್ಲ ಅಕ್ಕ’ ಎಂದೆ ಆಮೇಲೆ.

‘ನನಗಾಗಿ ಅಂದ್ರೆ ಬಾಯೇ ಬರಲ್ಲ ಮಾರಾಯ್ತಿ’ ಎಂದಳು.

ಅಕ್ಕ ಹೋದ ವರ್ಷ ತೀರಿಕೊಂಡಳು. ಅತ್ತೆ ಇದ್ದಾರೆ. ಈಗ ನನ್ನ ಕೈಯಲ್ಲೇ ಉಣ್ಣುತ್ತಾರೆ, ಬೇರೆಯವರ ಕೈಯಲ್ಲಿಲ್ಲ. ಕೆಲವು ದಿನ ಬೆಳಿಗ್ಗೆ ನನ್ನ ಸೆರಗು ಹಿಡಿದು, ‘ಇವತ್ತೊಂದಿನ ಇರು’ ಎನ್ನುತ್ತಾರೆ. ಕಾಲು ಅಲ್ಲೇ ನಿಂತುಬಿಡುತ್ತದೆ. ಆಗ ಕುರ್ಚಿಯಲ್ಲಿ ಬೆವರುತ್ತಾ ಕೂತ ಅಕ್ಕನನ್ನು ನೆನೆಯುತ್ತೇನೆ. ಅತ್ತೆಯ ಬಾಯಿ ಒರೆಸಿ, ಸೆರಗು ಮೆಲ್ಲಗೆ ಬಿಡಿಸಿಕೊಂಡು, ‘ಸಂಜೆ ಬರ್ತೀನಿ ಅತ್ತೆ’ ಎನ್ನುತ್ತೇನೆ. ಸೊರಬದ ಬಸ್ಸು ಹೊರಟ ಮೇಲೂ ಬಹಳ ದೂರದವರೆಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ.