ಜೈತುನಬೀಯ ಏಳನೆಯ ಕಿಸೆ

ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಬ್ಯಾರಕ್ಕುಗಳ ಕಡೆಯಿಂದ ಬೆಳಗಿನ ಬ್ಯೂಗಲ್ ಕೇಳಿಸುವ ಹೊತ್ತಿಗೆ ಜೈತುನಬೀ ದಾರಕ್ಕೆ ಮೇಣ ತಿಕ್ಕಿ ಮುಗಿಸಿರುತ್ತಾರೆ. ತಗಡಿನ ಮಾಡಿನ ಕೆಳಗೆ ಒಂದು ಕಿಟಕಿ, ಕಿಟಕಿಯ ಮುಂದೆ ಕೈಯಿಂದ ತಿರುವುವ ಹಳೆಯ ಹೊಲಿಗೆ ಯಂತ್ರ. ಯಂತ್ರದ ಬಾಜು ಹರಾಜಿನಲ್ಲಿ ಬಂದ ಮಿಲಿಟರಿ ಡೇರೆಯ ಹಸಿರು ಬಟ್ಟೆ ಮಡಿಕೆ ಮಡಿಕೆಯಾಗಿ ಬಿದ್ದಿದೆ. ಬಲಗೈ ಚಕ್ರ ತಿರುವುತ್ತದೆ, ಎಡಗೈ ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ನೂಕುತ್ತದೆ. ಜೂನ್ ತಿಂಗಳ ಮೊದಲ ಸೋಮವಾರ. ಮಳೆ ಇನ್ನೂ ಹಿಡಿದಿಲ್ಲ, ಮೋಡ ಮಾತ್ರ ಬಂದು ನಿಂತಿದೆ.

ಅವರು ಹೊಲಿಯುವುದು ಮೋಟಾರ್ ಸೈಕಲ್ಲಿನ ಹತ್ಯಾರದ, ಅಂದರೆ ರಿಪೇರಿಯ ಉಪಕರಣ ಇಡುವ ಚೀಲ. ಒಂದೂವರೆ ಮೊಳದ ಬಟ್ಟೆಯ ಪಟ್ಟಿ, ಅದರಲ್ಲಿ ಸಾಲಾಗಿ ಕಿಸೆಗಳು, ಮೇಲೆ ಮಡಚುವ ಮುಚ್ಚಳ. ಸುರುಳಿ ಸುತ್ತಿ ಚರ್ಮದ ಪಟ್ಟಿಯಿಂದ ಬಿಗಿದರೆ ಸೀಟಿನ ಕೆಳಗೋ ಬಾಜಿನ ಡಬ್ಬಿಯಲ್ಲೋ ಕೂರುತ್ತದೆ. ದಾರಿಯಲ್ಲಿ ಗಾಡಿ ಕೈಕೊಟ್ಟಾಗ ಬಿಚ್ಚಿ ನೆಲದ ಮೇಲೆ ಹಾಸಬಹುದು. ಬೆಳಗಾವಿಯಿಂದ ಖಾನಾಪುರ, ಜಾಂಬೋಟಿ ದಾಟಿ ಗೋವೆಯ ಕಡೆಗೆ ಇಳಿಯುವ ದಾರಿಗಳಲ್ಲಿ ಓಡಾಡುವ ಜಾವಾ, ಬುಲೆಟ್, ರಾಜದೂತಗಳ ಸವಾರರಲ್ಲಿ ಈ ಚೀಲವನ್ನು ಬಲ್ಲವರು ಬಹಳ. ಹೊಲಿದವರನ್ನು ಬಲ್ಲವರು ತೀರ ಕಡಿಮೆ.

ಇವತ್ತು ಅವರ ಕೈಯಲ್ಲಿರುವುದು ಒಂದೇ ಒಂದು ಚೀಲ. ಹನ್ನೊಂದು ಗಂಟೆಗೆ ಖಡೇಬಜಾರದಲ್ಲಿ ದುಂಡಪ್ಪನವರ ಅಂಗಡಿಗೆ ಅದು ಮಾದರಿಯಾಗಿ ಹೋಗಬೇಕು. ಮೋಟಾರ್ ಸೈಕಲ್ಲಿನ ಸೀಟು ಕವರು, ಕನ್ನಡಿ, ಹಾರ್ನ್ ಮಾರುವ ದುಂಡಪ್ಪನವರಿಗೆ ಇನ್ನೂರೈವತ್ತು ಚೀಲ ಬೇಕಾಗಿವೆ. ಐದು ತಿಂಗಳ ಕೆಲಸ. ಆದರೆ ಅವರದೊಂದು ಷರತ್ತಿದೆ: ಚೀಲಕ್ಕೆ ಆರು ಕಿಸೆ ಇರಬೇಕು, ಏಳು ಕೂಡದು. ಜೈತುನಬೀ ಹನ್ನೊಂದು ವರ್ಷಗಳಿಂದ ಏಳಕ್ಕೆ ಕಡಿಮೆ ಕಿಸೆಯ ಚೀಲ ಹೊಲಿದಿಲ್ಲ.

ಏಳನೆಯ ಕಿಸೆ ಹುಟ್ಟಿದ್ದು ತಪ್ಪಿನಿಂದ. ಹಾಗೆಂದು ಮೊದಲು ಹೇಳುವವರು ಅವರ ಗಂಡ ಸರದಾರಸಾಬ. ಡೇರೆ ರಿಪೇರಿಯ ಗುತ್ತಿಗೆದಾರರ ಬಳಿ ಮೂವತ್ತು ವರ್ಷ ದುಡಿದ ಅವರಿಗೆ ಈಗ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಬಟ್ಟೆಗೆ ಸುಣ್ಣದ ಗೆರೆ ಎಳೆದು ಕತ್ತರಿಸುವುದು ಅವರ ಪಾಲಿನ ಕೆಲಸ. ಕತ್ತರಿ ಕೆಳಗಿಟ್ಟು ನಗುತ್ತಾರೆ: “ಈ ಮನ್ಯಾಗ ಕಿವುಡ ನಾನು. ತಪ್ಪ ಕೇಳಿಸ್ಕೊಂಡಾಕಿ ಅಕಿ.”

ನಡೆದದ್ದು ಎಪ್ಪತ್ತನಾಲ್ಕರ ಮಳೆಗಾಲದಲ್ಲಿ. ಖಾನಾಪುರದ ದನದ ದವಾಖಾನೆಯ ಕಂಪೌಂಡರ್ ಬಾಳಪ್ಪ ಅದೇ ವರ್ಷ ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಕೊಂಡಿದ್ದರು. ಸೀಟಿನ ಕೆಳಗೆ ಚಿಂದಿಯಲ್ಲಿ ಸುತ್ತಿಟ್ಟ, ನಟ್ಟು ತಿರುವುವ ಪಾನಾಗಳೆಲ್ಲ ಜಾಂಬೋಟಿಯ ಮಳೆಗೆ ತುಕ್ಕು ಹಿಡಿದಿದ್ದವು. ಯಾರೋ ಸರದಾರಸಾಬರ ಮನೆ ತೋರಿಸಿದರು. ಬಾಳಪ್ಪ ಗೇಣಿನಿಂದ ಅಳತೆ ಹಾಕಿ, ಎಲ್ಲಿ ಏನು ಇಡಬೇಕೆಂದು ವಿವರಿಸಿ, ಕೊನೆಗೆ “ಆರ ಕಿಸೆ... ಸಾಕ” ಅಂದರು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಯಂತ್ರ ಓಡುತ್ತಿತ್ತು. ಮನೆಯಲ್ಲಿ ದಖ್ಖನಿ ಆಡುವ ಜೈತುನಬೀಗೆ ಕೇಳಿಸಿದ್ದು “ಸಾತ”. ಅವರ ಮನೆಮಾತಿನಲ್ಲಿ ಸಾತ ಅಂದರೆ ಏಳು. ಕನ್ನಡದಲ್ಲಿ ಶುರು ಮಾಡಿ ಹಿಂದಿಯಲ್ಲಿ ತಿದ್ದಿಕೊಳ್ಳುವುದು ಕ್ಯಾಂಪಿನಲ್ಲಿ ದಿನದ ಮಾತು. ಈ ಗಿರಾಕಿಯೂ ಮೊದಲು ಆರು ಅಂದು, ಆಮೇಲೆ ಏಳು ಮಾಡಿದ್ದಾನೆ ಎಂದು ಅವರು ತಿಳಿದರು. ಏಳು ಹೊಲಿದರು.

ಚೀಲ ಒಯ್ಯಲು ಬಂದ ಬಾಳಪ್ಪ ಎಣಿಸಿ ನೋಡಿ ತಕರಾರು ತೆಗೆದರು. ಜೈತುನಬೀ ಒಂದು ಹೊಲಿಗೆ ಬಿಚ್ಚಿಕೊಡಲು ಸಿದ್ಧವಿದ್ದರು. ಆದರೆ ಬಿಚ್ಚಿದರೆ ಸೂಜಿಯ ತೂತುಗಳು ಉಳಿಯುತ್ತವೆ, ತೂತಿನಿಂದ ನೀರು ಒಳಗೆ ಇಳಿಯುತ್ತದೆ ಎಂದು ಎಚ್ಚರಿಸಿದರು. ಇರಲಿ ಬಿಡಿ ಎಂದು ಬಾಳಪ್ಪ ಚೀಲ ಒಯ್ದರು. ಖಾಲಿ ಕಿಸೆಯಲ್ಲಿ ಇಡಲು ಏನೂ ಇರಲಿಲ್ಲ. ಮನೆಯಲ್ಲಿ ಒಂದು ಸ್ಪಾರ್ಕ್ ಪ್ಲಗ್ ಬಿದ್ದಿತ್ತು. ಅಂಗಡಿಯವನು ತಪ್ಪಿ ಕೊಟ್ಟದ್ದು, ಉದ್ದ ಮೂತಿಯದ್ದು. ಬಾಳಪ್ಪನವರ ಗಾಡಿಗೆ ಗಿಡ್ಡ ಮೂತಿಯದ್ದೇ ಬೇಕು. ಕೆಲಸಕ್ಕೆ ಬಾರದ ಆ ಪ್ಲಗ್ಗನ್ನು ಕೆಲಸಕ್ಕೆ ಬಾರದ ಕಿಸೆಗೆ ತುರುಕಿದರು.

ಹದಿನೈದು ದಿನದ ಮೇಲೆ ಜಾಂಬೋಟಿಯ ಆಚೆ, ಗದ್ದೆಗಳ ನಡುವಿನ ಏರಿಯಲ್ಲಿ ಒಂದು ಮೋಟಾರ್ ಸೈಕಲ್ ನಿಂತಿತ್ತು. ಸವಾರ ಒಬ್ಬ ಸಾಲಿ ಮಾಸ್ತರ. ಅವನ ಹಿಂದೆ ಕುಳಿತು ಬಂದಿದ್ದವರು ನರ್ಸ್ ಗೌರವ್ವ. ಮುಂದಿನ ಊರಿನಲ್ಲಿ ಒಬ್ಬ ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲವೆಂದು ಮಾಸ್ತರ ಅವರನ್ನು ಕರೆದೊಯ್ಯುತ್ತಿದ್ದ. ಪ್ಲಗ್ಗಿನ ಬಿಳಿ ಪಿಂಗಾಣಿ ಒಡೆದಿತ್ತು. ಗಾಡಿಗೆ ಬೇಕಾದದ್ದು ಉದ್ದ ಮೂತಿಯ ಪ್ಲಗ್. ಅದೇ ದಾರಿಯಲ್ಲಿ ಬಂದ ಬಾಳಪ್ಪ ತಮ್ಮ ಏಳನೆಯ ಕಿಸೆಯಿಂದ ಅದನ್ನು ತೆಗೆದುಕೊಟ್ಟರು. ಅದು ಗುರುವಾರವೆಂದು ಬಾಳಪ್ಪ, ಶುಕ್ರವಾರವೆಂದು ಗೌರವ್ವ ಇವತ್ತಿಗೂ ವಾದಿಸುತ್ತಾರೆ. ಗಾಡಿ ಎರಡನೆಯ ಕಿಕ್ಕಿಗೆ ಶುರುವಾಯಿತು, ಬಾಣಂತಿ ಉಳಿದಳು ಎಂಬುದರಲ್ಲಿ ಇಬ್ಬರದೂ ಒಂದೇ ಮಾತು.

ಸುದ್ದಿ ಹಬ್ಬಿಸಿದವರು ಗೌರವ್ವ. ಹೋದ ಹೋದ ಊರಿನಲ್ಲಿ ಮೋಟಾರ್ ಸೈಕಲ್ ಇಟ್ಟವರನ್ನು ನಿಲ್ಲಿಸಿ ಹೇಳಿದರು. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಅವರು ಈಗಲೂ ಹೇಳುತ್ತಾರೆ: “ಸೂಜಿ ಔಷಧ ನನ್ನ ಕೈಯಾಗಿತ್ತು. ಆದ್ರ ಆಕಿನ ತನ ನನ್ನನ್ನ ಮುಟ್ಟಿಸಿದ್ದು ಆ ಕಿಸೆ. ಅದನ್ನ ಹೊಲದಾಕಿ ಯಾರಂತ ಕೇಳ್ಕೋತ ಕ್ಯಾಂಪಿಗೆ ಹ್ವಾದೆ. ನೋಡಿದ್ರ ಅಕಿ ಮೋಟಾರ್ ಸೈಕಲ್ ಮ್ಯಾಲೆ ಒಮ್ಮಿನೂ ಕುಂತಾಕಿ ಅಲ್ಲ.”

ಅದು ನಿಜ. ಜೈತುನಬೀ ಇದುವರೆಗೆ ಮೋಟಾರ್ ಸೈಕಲ್ ಹತ್ತಿಲ್ಲ. ಜಾಂಬೋಟಿಯನ್ನು ನೋಡಿಲ್ಲ. ಆದರೆ ಗಲ್ಲಿಯ ಎದುರಿನ ಗ್ಯಾರೇಜನ್ನು ಕಿಟಕಿಯಿಂದ ವರ್ಷಗಟ್ಟಲೆ ನೋಡಿದ್ದಾರೆ. ಮೇಸ್ತ್ರಿಯ ಕೈ ಮೊದಲು ಯಾವುದಕ್ಕೆ ಹೋಗುತ್ತದೆ, ಆಮೇಲೆ ಯಾವುದಕ್ಕೆ ಎಂಬುದು ಅವರಿಗೆ ಬಾಯಿಪಾಠ. ಅವರ ಚೀಲದ ಕಿಸೆಗಳು ಹತ್ಯಾರದ ಗಾತ್ರಕ್ಕೆ ತಕ್ಕಂತೆ ಇಲ್ಲ, ಕೆಲಸದ ಸರದಿಗೆ ತಕ್ಕಂತೆ ಇವೆ. ಎಡದಿಂದ ಮೊದಲು ಪ್ಲಗ್ ಪಾನಾ. ಅದರ ಬಾಜು ಪಾಲಿಶ್ ಕಾಗದದಲ್ಲಿ ಸುತ್ತಿದ ಹೊಸ ಪ್ಲಗ್. ಆಮೇಲೆ ಪಾನಾಗಳು, ಇಕ್ಕಳದಂಥ ಪಕ್ಕಡ್ ಮತ್ತು ಸ್ಕ್ರೂ ಡ್ರೈವರ್, ಟೈರ್ ಎಬ್ಬಿಸುವ ಪಟ್ಟಿಗಳು, ಕೊನೆಗೆ ಪಂಚರ್ ಸಾಮಾನು ಮತ್ತು ಕ್ಲಚ್ ವಾಯರ್. ಕೇಳಿದರೆ ಕಾರಣ ಒಂದೇ ಮಾತಿನಲ್ಲಿ ಬರುತ್ತದೆ: “ಮಳ್ಯಾಗ ನಿಂತಾಂವ ಹುಡಕಬಾರದ್ರಿ. ಕೈ ಹಾಕಿದ್ರ ಬರಬೇಕು.”

ಏಳನೆಯದರಲ್ಲಿ ಏನಿಡಬೇಕೆಂದು ಅವರು ಹೇಳುವುದಿಲ್ಲ. ಆದರೆ ದಾರಿಯ ಮೇಲೆ ಅದಕ್ಕೊಂದು ಪದ್ಧತಿ ಬೆಳೆದಿದೆ. ಆ ಕಿಸೆಯಲ್ಲಿ ತನಗೆ ಬೇಕಾದದ್ದನ್ನು ಯಾರೂ ಇಡುವುದಿಲ್ಲ; ಇನ್ನೊಬ್ಬರಿಗೆ ಬೇಕಾಗಬಹುದಾದದ್ದನ್ನು ಇಡುತ್ತಾರೆ. ಅದರಿಂದ ಕೊಟ್ಟದ್ದನ್ನು ತಿರುಗಿ ಕೇಳುವುದಿಲ್ಲ. ತೆಗೆದುಕೊಂಡವನು ಊರು ಮುಟ್ಟಿದ ಮೇಲೆ ತನ್ನ ಚೀಲದಲ್ಲಿ ಏನಾದರೂ ಒಂದನ್ನು ಇಟ್ಟರೆ ಮುಗಿಯಿತು. ಹೆಸರು ಮಾತ್ರ ಹುಟ್ಟಿದ ಕಥೆಯಿಂದಲೇ ಬಂದದ್ದು: ಸಾಕಿನ ಕಿಸೆ.

ಕಳೆದ ವಾರ ಖಾನಾಪುರದ ಬಸ್ ನಿಲ್ದಾಣದ ಬಾಜಿನ ಚಹಾದಂಗಡಿಯ ಮುಂದೆ ಒಂದೇ ಮುಂಜಾನೆ ಇಂಥ ಏಳು ಚೀಲಗಳು ಸಿಕ್ಕವು. ಒಂದರ ಸಾಕಿನ ಕಿಸೆಯಲ್ಲಿ ಹರಿದ ಚೈನು ಜೋಡಿಸುವ ಚೈನ್ ಲಾಕ್, ಎರಡರಲ್ಲಿ ಬೇರೆ ಜಾತಿಯ ಗಾಡಿಯ ಪ್ಲಗ್, ಒಂದರಲ್ಲಿ ಟ್ಯೂಬಿನ ತುಂಡು, ಒಂದರಲ್ಲಿ ಮೇಣದ ಬತ್ತಿ ಮತ್ತು ಕಡ್ಡಿಪೆಟ್ಟಿಗೆ. ಬೀಡಿ ಎಂಬ ಊರಿನಿಂದ ಹಾಲು ತರುವವನ ಚೀಲದಲ್ಲಿ ಬಾಚಣಿಗೆ ಸಿಕ್ಕಿ, ಉಳಿದವರು ಅವನ ಮಾನ ತೆಗೆದರು. ಏಳನೆಯ ಚೀಲದಲ್ಲಿ ಏನೂ ಇರಲಿಲ್ಲ. ಯಾಕೆಂದರೆ, ಅದರ ಸವಾರ ಅಂದು ಮುಂಜಾನೆಯಷ್ಟೇ ಯಾರಿಗೋ ಕೊಟ್ಟು ಬಂದಿದ್ದ.

ಇಷ್ಟು ವರ್ಷಗಳಲ್ಲಿ ಎಷ್ಟು ಚೀಲ ಹೊಲಿದಿರಬಹುದು? ಜೈತುನಬೀಗೆ ಬರೆಯಲು ಬಾರದು. ಆದರೆ ಮುರಿದ ಸೂಜಿ ಯಾರ ಕಾಲಿಗಾದರೂ ಚುಚ್ಚೀತೆಂದು ಅವನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಡುತ್ತಾರೆ. ಸೊಸೆ ಬಿಲ್ಕೀಸ ಈಚೆಗೆ ಎಣಿಸಿದಾಗ ಮುನ್ನೂರ ಹನ್ನೊಂದು ಇದ್ದವು. ಡೇರೆ ಬಟ್ಟೆಯಲ್ಲಿ ಒಂದು ಸೂಜಿ ಸುಮಾರು ಇಪ್ಪತ್ತು ಚೀಲ ತಾಳುತ್ತದೆ. ಆ ಅಂದಾಜಿನಲ್ಲಿ ಆರು ಸಾವಿರ. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಚಕ್ರದ ಹಿಡಿಕೆ ಒತ್ತಿ ಒತ್ತಿ ಕಲ್ಲಿನಂಥ ಗಂಟಾಗಿದೆ. ಚಳಿಗಾಲದಲ್ಲಿ ಆ ಬೆರಳು ಮಡಚುವುದಿಲ್ಲ.

ಹೋದ ವರ್ಷದಿಂದ ಕೆಲಸ ಇಳಿದಿದೆ. ವಾರಕ್ಕೆ ಹತ್ತು, ಹನ್ನೆರಡು ಚೀಲ ಹೋಗುತ್ತಿದ್ದಲ್ಲಿ ಈಗ ನಾಲ್ಕು. ಅಂಗಡಿಗಳಲ್ಲಿ ಪುಣೆಯಿಂದ ಬಂದ ರೆಕ್ಸಿನ್ ಚೀಲಗಳು ನೇತಾಡುತ್ತಿವೆ. ರಸ್ತೆಗೆ ಹೊಸ ಸಣ್ಣ ಮೋಟಾರ್ ಸೈಕಲ್ಲುಗಳು ಇಳಿಯುತ್ತಿವೆ, ಅವುಗಳ ಬಾಜಿನ ಡಬ್ಬಿ ಇಕ್ಕಟ್ಟು. ದುಂಡಪ್ಪನವರ ಷರತ್ತಿಗೆ ಕಾರಣವೂ ಅದೇ. ಏಳು ಕಿಸೆಯ ಚೀಲ ಸುತ್ತಿದರೆ ದಪ್ಪವಾಗುತ್ತದೆ, ಡಬ್ಬಿಯ ಮುಚ್ಚಳ ಕೂರುವುದಿಲ್ಲ. ಅವರು ಮನೆಗೇ ಬಂದು ಇದನ್ನು ಎರಡು ಸಲ ಹೇಳಿಹೋಗಿದ್ದಾರೆ. ಮಾದರಿ ಒಪ್ಪಿಗೆಯಾಗದಿದ್ದರೆ ಪುಣೆಯ ಚೀಲಗಳನ್ನೇ ತರಿಸುವವರು. ಅವು ಬಂದರೆ ಜೈತುನಬೀಯ ಯಂತ್ರವೂ ನಿಲ್ಲುತ್ತದೆ, ಸಾಕಿನ ಕಿಸೆಯೂ ನಿಲ್ಲುತ್ತದೆ.

ಆರೇ ಹೊಲಿದು ಕೊಟ್ಟುಬಿಡಿ ಎಂದು ಬಿಲ್ಕೀಸ ಅತ್ತೆಗೆ ಹೇಳಿನೋಡಿದ್ದಾಳೆ. ಅವಳ ಮಾತು ತಪ್ಪಲ್ಲವೆಂದು ಜೈತುನಬೀಯೂ ಒಪ್ಪುತ್ತಾರೆ. “ಅವರ ಡಬ್ಬಿ ಸಣ್ಣದೈತಿ, ಅದೂ ಖರೇನ. ಚೀಲ ಒಳಗ ಹೋಗಲಿಲ್ಲಂದ್ರ ಮನ್ಯಾಗ ಬಿಟ್ಟು ಹೋಗ್ತಾರ. ಮನ್ಯಾಗಿನ ಚೀಲ ದಾರ್ಯಾಗಿನಾವ್ಗ ಏನ ಉಪಯೋಗ?” ಹೀಗೆ ಹೇಳುತ್ತಲೇ ಅವರು ಮೂರು ದಿನಗಳಿಂದ ಹೊಲಿದು ಬಿಚ್ಚುತ್ತಿದ್ದಾರೆ. ಕಿಸೆ ಕಿರಿದು ಮಾಡಿದರೆ ಪಾನಾ ಇಳಿಯಲಿಲ್ಲ. ಬಟ್ಟೆ ತೆಳುವಾದರೆ ಪಕ್ಕಡ್ ಅದನ್ನು ಹರಿದುಕೊಂಡು ಹೊರಬಂತು.

ದಾರಿ ಸಿಕ್ಕಿದ್ದು ಚೀಲದ ಮುಚ್ಚಳದಲ್ಲಿ. ಅಂಚು ಎಳೆ ಬಿಡದಿರಲೆಂದು ಮುಚ್ಚಳವನ್ನು ಅವರು ಮೊದಲಿನಿಂದಲೂ ಎರಡು ಪದರ ಮಡಿಚಿ ಸುತ್ತಲೂ ಹೊಲಿಯುತ್ತಾರೆ. ಈ ಮುಂಜಾನೆ ಯಂತ್ರ ಮೂರು ಬದಿ ಹೊಲಿದು ನಾಲ್ಕನೆಯದಕ್ಕೆ ತಿರುಗುವಾಗ ಅವರ ಕೈ ನಿಲ್ಲುತ್ತದೆ. ಬಟ್ಟೆ ಹೊರತೆಗೆಯುತ್ತಾರೆ. ಹೊಲಿಯದ ಬದಿಯಲ್ಲಿ ಎರಡು ಬೆರಳು ತೂರಿಸಿ ನೋಡುತ್ತಾರೆ. ಹೆಚ್ಚಿನ ಬಟ್ಟೆ ಬೇಕಿಲ್ಲ, ದಪ್ಪವೂ ಏರುವುದಿಲ್ಲ, ಹೊಲಿಗೆಯೇ ಒಂದು ಸಾಲು ಕಡಿಮೆ. ಸರದಾರಸಾಬರ ಕೈ ಹಿಡಿದು ಅವರ ಬೆರಳನ್ನೂ ಒಳಗೆ ಇಳಿಸುತ್ತಾರೆ. ಅವರು ಒಂದು ಗಳಿಗೆ ತಡವಿ ನೋಡಿ, ಯಾರಿಗೂ ಹೇಳುವುದಿಲ್ಲವೆಂಬಂತೆ ತುಟಿಯ ಮೇಲೆ ಬೆರಳಿಡುತ್ತಾರೆ.

ಹನ್ನೊಂದಕ್ಕೆ ದುಂಡಪ್ಪನವರ ಅಂಗಡಿ. “ಬರ್ರಿ ಅಕ್ಕಾರ, ಕುಂದರ್ರಿ” ಎಂದು ಸ್ಟೂಲು ಸರಿಸುತ್ತಾರೆ. ಚೀಲ ಬಿಚ್ಚಿ ಕಿಸೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಾರೆ. ಆರು. ಹತ್ಯಾರ ತುಂಬುತ್ತಾರೆ, ಮುಚ್ಚಳ ಮಡಚುತ್ತಾರೆ, ಸುತ್ತುತ್ತಾರೆ. ಬಾಗಿಲಲ್ಲಿ ನಿಂತ ಹೊಸ ಗಾಡಿಯ ಡಬ್ಬಿಯೊಳಗೆ ಚೀಲ ಸರಾಗವಾಗಿ ಇಳಿಯುತ್ತದೆ. ಡಬ್ಬಿಯ ಮುಚ್ಚಳ ಟಪ್ಪೆಂದು ಕೂರುತ್ತದೆ. ದುಂಡಪ್ಪ ಮೂರು ಸಲ ತೆಗೆದು ಹಾಕಿ ನೋಡುತ್ತಾರೆ. ಬರುವ ತಿಂಗಳು ಮೊದಲ ಐವತ್ತು ಕಳಿಸಿ ಎನ್ನುತ್ತಾರೆ.

ಚೀಲವನ್ನು ಮೊಳೆಗೆ ತೂಗುಹಾಕಲು ಅದರ ಮುಚ್ಚಳ ಹಿಡಿದಾಗ ಅವರ ಹೆಬ್ಬೆರಳು ಒಳಗೆ ಹೋಗುತ್ತದೆ. ಅಲ್ಲೇ ನಿಲ್ಲುತ್ತಾರೆ. ಇನ್ನೊಂದು ಬೆರಳನ್ನೂ ಹಾಕುತ್ತಾರೆ. ಬೆಳಕಿಗೆ ಹಿಡಿದು ಹೊಲಿಗೆ ನೋಡುತ್ತಾರೆ: ಮೂರು ಬದಿ ಗಟ್ಟಿ, ನಾಲ್ಕನೆಯದು ತೆರೆದದ್ದು, ಅಂಚು ನೀಟಾಗಿ ಒಳಮಡಿಕೆ. ತಪ್ಪಿ ಬಿಟ್ಟದ್ದಲ್ಲ. ಜೈತುನಬೀ ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ನೋಡುತ್ತ ಕುಳಿತಿದ್ದಾರೆ.

ದುಂಡಪ್ಪ ಮೇಜಿನ ಮೇಲಿನ ಡಬ್ಬಿಯಿಂದ ಒಂದು ಚೈನ್ ಲಾಕ್ ತೆಗೆದು ಮುಚ್ಚಳದ ಮಡಿಕೆಯೊಳಗೆ ಬಿಡುತ್ತಾರೆ. ಚೀಲವನ್ನು ಮೊಳೆಗೆ ಹಾಕುತ್ತಾರೆ. ಆಮೇಲೆ ಕೇಳುತ್ತಾರೆ: “ಡಬ್ಬಿ ಮುಚ್ಚತೈತಿ, ಇರ್ಲಿ. ಆದ್ರ ಅಕ್ಕಾರ, ಆರ ಸಾಕ ಅಂತ ನಾ ನಿಮ್ಮ ಮನಿಗೆ ಬಂದು ಎರಡ ಸಲ ಹೇಳಿದ್ನಲ್ಲ?”

“ಹೌದ್ರಿ ಸಾವಕಾರ್ರ” ಎನ್ನುತ್ತಾರೆ ಜೈತುನಬೀ. “ನನಗ ಸಾತ ಅಂತ ಕೇಳಿಸ್ತು.”