ಕೀಪರನ ಕೈಗೆ ಒಗೆಯದ ಹುಡುಗನೊಂದಿಗೆ ಬೀದರಿಗೆ

ಬೆಳಗಿನ ಏಳರ ಬಸ್ಸಿಗೆಂದು ಔರಾದಿನ ಸ್ಟ್ಯಾಂಡಿಗೆ ನಾನು ಐದೂವರೆಗೇ ಬಂದು ಕುಳಿತೆ. ಬಸ್ಸು ಎಂಟಕ್ಕೆ ಬಂತು. ಪ್ರಯಾಣವೆಂದರೆ ನಾನು ಹಿಂದಿನ ದಿನದಿಂದಲೇ ಚೀಲ ತುಂಬುತ್ತೇನೆ. ಚೀಲದಲ್ಲಿ ಓಮದ ಡಬ್ಬಿ, ಟಿಂಕ್ಚರ್ ಸೀಸೆ, ಹತ್ತಿ, ಎರಡು ನಿಂಬೆಹಣ್ಣು ಇದ್ದವು. ಶಿವರಾತ್ರಿ ಕಳೆದು ಆಕಾಶ ಬೋಳಾಗಿದ್ದರೂ ಕಂಕುಳಲ್ಲಿ ಕೊಡೆ ಇತ್ತು.

ಪಕ್ಕದಲ್ಲಿ ಮಾಣಿಕ ಇದ್ದ. ಹದಿನಾರರ ಹುಡುಗ, ಮ್ಯಾಟ್ರಿಕ್ ತರಗತಿ. ನಾನು ಔರಾದಿನ ಸಾಲೆಯಲ್ಲಿ ಗಣಿತ ಕಲಿಸುವವನು. ಡ್ರಿಲ್ ಮಾಸ್ತರರು ಇಲ್ಲದ್ದರಿಂದ ಸೀಟಿಯೂ ನನ್ನ ಕೊರಳಿಗೇ ಬಿದ್ದಿತ್ತು. ಇಬ್ಬರೂ ಔರಾದಿನಿಂದ ಮೂರು ಮೈಲಿ ಆಚೆಯ ಒಂದೇ ಹಳ್ಳಿಯವರು. ನನ್ನ ಮನೆ ಊರೊಳಗೆ, ಅವನದು ಊರ ಹೊರಗಿನ ಓಣಿಯಲ್ಲಿ. ಅವನ ಮನೆಯವರು ಈಚೆಗೆ ಬುದ್ಧನ ದಾರಿ ಹಿಡಿದಿದ್ದರು.

ಮಾಣಿಕನ ವಿದ್ಯೆ ಒಂದೇ. ಎಲ್ಲಿಂದ ಚೆಂಡು ಒಗೆದರೂ ಅದು ಹೋಗಿ ಸ್ಟಂಪಿಗೇ ಬಡಿಯುತ್ತಿತ್ತು. ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಹೊಸ ರಾಜ್ಯದ ಒಂದು ಕಾಲೇಜು, ಕ್ರಿಕೆಟ್ ಆಡುವ ಹುಡುಗರನ್ನು ಆರಿಸಲು ತನ್ನ ಆಟದ ಮಾಸ್ತರರನ್ನು ಬೀದರಿಗೆ ಕಳಿಸುತ್ತಿತ್ತು. ಆರಿಸಿದವರಿಗೆ ಫೀಸು ಮಾಫಿ, ಹಾಸ್ಟೆಲಿನಲ್ಲಿ ಊಟ. ಅರ್ಜಿಯ ಫಾರಮಿನ ಮೇಲೆ ಹೈದರಾಬಾದ್ ಎಂದು ಅಚ್ಚಾಗಿದ್ದುದನ್ನು ಶಾಯಿಯಿಂದ ಹೊಡೆದು ಮೈಸೂರು ಎಂದು ಬರೆದಿದ್ದರು. ಆರಿಸದಿದ್ದರೆ ಕಮಲನಗರದ ಅಡತಿ ಅಂಗಡಿಯಲ್ಲಿ ಜೋಳದ ಚೀಲ ಹೊರುವ ಕೆಲಸ ಮಾಣಿಕನಿಗಾಗಿ ಕಾದಿತ್ತು. ಅಲ್ಲಿ ಅವನಪ್ಪ ಆಗಲೇ ಮಾತು ಕೊಟ್ಟಾಗಿತ್ತು.

"ಸರ, ಬಸ್ಸು ಬರ್ತದರಿ. ಫಿಕರ್ ಮಾಡಬ್ಯಾಡ್ರಿ," ಎಂದು ಹುಡುಗನೇ ನನಗೆ ನಾಲ್ಕು ಸಲ ಸಮಾಧಾನ ಹೇಳಿದ.

ಭಾಲ್ಕಿಗೆ ಇಪ್ಪತ್ತೈದು ಮೈಲಿ. ಮೂರು ತಾಸು ಹಿಡಿಯಿತು. ಜೋಳ ಕೊಯ್ದ ಕರಿ ಹೊಲಗಳು ಕಾಲು ತೂರುವಷ್ಟು ಬಿರುಕು ಬಿಟ್ಟಿದ್ದವು. ಸುತ್ತು ದಾರಿ ಹಿಡಿದದ್ದು ಬೂಟಿಗಾಗಿ. ಭಾಲ್ಕಿಯ ನನ್ನ ಮೈದುನನ ಮನೆಯಲ್ಲಿ ಒಂದು ಜೊತೆ ಕ್ಯಾನ್ವಾಸ್ ಬೂಟುಗಳಿದ್ದವು. ಮಾಣಿಕ ಅದುವರೆಗೂ ಬರಿಗಾಲಲ್ಲೇ ಆಡಿದವನು. ಬೂಟು ಒಂದು ಬೆರಳು ದೊಡ್ಡವಾದವು, ತುದಿಗೆ ನನ್ನ ಹತ್ತಿ ತುರುಕಿದೆವು. ರಾತ್ರಿ ಝುಣಕ, ರೊಟ್ಟಿ, ಶೇಂಗಾ ಹಿಂಡಿಯ ಊಟವಾಯಿತು. ಮಾಣಿಕ ಹೊರಗಿನ ಕಟ್ಟೆಯ ಮೇಲೆ ಉಂಡು ಅಲ್ಲೇ ಮಲಗಿದ. "ಇಲ್ಲೇ ಗಾಳಿ ಛಲೋ ಅದರಿ," ಎಂದ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

ಮರುದಿನ ಬೆಳಿಗ್ಗೆ ರೈಲು ಹತ್ತಿದೆವು. ಬೀದರ ಹತ್ತಿರವಾದಂತೆ ಕಿಟಕಿಯಾಚೆ ಕರಿ ಮಣ್ಣು ಮುಗಿದು ಕೆಂಪು ಮುರ್ರಂ ಶುರುವಾಯಿತು. ಗಟ್ಟಿ ನೆಲದಲ್ಲಿ ಚೆಂಡು ಹೇಗೆ ಪುಟಿದೀತೋ ಎಂದು ನಾನು ಹೊಸ ಚಿಂತೆ ತೆಗೆದೆ. ನಾನು ಟಿಕೇಟು ಕೇಳಿದರೆ ಮಾಣಿಕ ಅದನ್ನು ನನ್ನ ಪಕ್ಕದ ಹಲಗೆಯ ಮೇಲಿಟ್ಟ. ಗಾಳಿಗೆ ಹಾರಿಹೋಗುವುದರಲ್ಲಿತ್ತು. "ಕೈಯಾಗ ಕೊಡಬಾರದೇನೋ, ಹುಚ್ಚಪ್ಪ!" ಎಂದು ಗದರಿದೆ. ಅವನು ಸುಮ್ಮನೆ ನಕ್ಕ.

ಬೀದರಿನ ಮೈಲೂರ ಕಡೆಯ ಬಯಲಿನಲ್ಲಿ ಸುಮಾರು ನಲವತ್ತು ಹುಡುಗರು ಸೇರಿದ್ದರು. ಆಟದ ಮಾಸ್ತರರು ಮೈಸೂರು ಕಡೆಯವರು, ಬಿಳಿ ಟೋಪಿ, ತಾಳ್ಮೆಯ ಮುಖ. ಅವರ ಕನ್ನಡ ಕೇಳಲು ನಮ್ಮ ಹುಡುಗರು ಆಟಕ್ಕಿಂತ ಹೆಚ್ಚು ಗಮನ ಕೊಟ್ಟು ನಿಂತಿದ್ದರು. ಬ್ಯಾಟಿಂಗಿನಲ್ಲಿ ಮಾಣಿಕ ಎರಡನೆಯ ಚೆಂಡಿಗೇ ಔಟಾದ. ಅದು ನನಗೆ ಗೊತ್ತಿದ್ದದ್ದೇ. ನನ್ನ ಜೀವವೆಲ್ಲ ಫೀಲ್ಡಿಂಗಿನ ಮೇಲಿತ್ತು.

ಮಾಸ್ತರರು ಸ್ಟಂಪು ಕೀಳಿಸಿದರು. ಗ್ಲೌಸು ತೊಟ್ಟ ಕೀಪರನನ್ನು ಮಾತ್ರ ನಿಲ್ಲಿಸಿ, "ದೂರದಿಂದ ನೇರ ಕೀಪರ್ ಕೈಗೆ ಎಸೀಬೇಕು. ಒಬ್ಬೊಬ್ಬರಿಗೆ ಐದೈದು," ಎಂದರು.

ಮಾಣಿಕ ಒಗೆದ ಮೊದಲ ಚೆಂಡು ಕೀಪರನ ಮುಂದೆ ಒಂದು ಗಜ ದೂರದಲ್ಲಿ ಮೆತ್ತಗೆ ಬಿದ್ದು ನಿಂತಿತು. ಎರಡನೆಯದೂ ಹಾಗೆಯೇ. ಐದೂ ಹಾಗೆಯೇ.

"ಏನ್ರೀ ಮೇಷ್ಟ್ರೇ, ನಿಮ್ಮ ಹುಡುಗ ಚೆಂಡನ್ನ ಎಸೀತಾನೋ, ನೆಲಕ್ಕೆ ಇಟ್ಟು ಬರ್ತಾನೋ?" ಎಂದು ಕೇಳಿ ಮಾಸ್ತರರು ಅವನ ಫಾರಮನ್ನು ಕಟ್ಟಿನ ಅಡಿಗೆ ಹಾಕಿದರು.

ನನಗೆ ಬೂಟಿನ ಮೇಲೆ ಅನುಮಾನ, ಹತ್ತಿಯ ಮೇಲೆ ಅನುಮಾನ, ರಾತ್ರಿಯ ಝುಣಕದ ಮೇಲೆ ಅನುಮಾನ. ಬೇವಿನ ಮರದಡಿಗೆ ಕರೆದು ಕೇಳಿದೆ, "ಯಾಕೋ? ತೋಳು ನೋಯ್ತದೇನು?"

"ಇಲ್ರಿ."

"ಮತ್ತ?"

ಅವನು ಬೂಟು ನೋಡುತ್ತ ನಿಂತ. "ಆ ಕೀಪರ್ ಯಾರ ಮನಿಯಂವನೋ ಏನೋ, ಸರ. ಕೇಳದೇ ಕೈಗ ಹ್ಯಾಂಗ ಕೊಡ್ಲಿ?"

ನಮ್ಮೂರ ಬಯಲು ಆಗ ನನಗೆ ನೆನಪಾಯಿತು. ಅಲ್ಲಿ ಮಾಣಿಕನ ಓಣಿಯವರು ಯಾರ ಕೈಗೂ ಏನೂ ಕೊಡುವಂತಿಲ್ಲ. ನೆಲಕ್ಕಿಡಬೇಕು, ಊರೊಳಗಿನವರು ಎತ್ತಿಕೊಳ್ಳಬೇಕು. ಮಣ್ಣು ಮುಟ್ಟಿದ ವಸ್ತುವಿಗೆ ಮೈಲಿಗೆಯಿಲ್ಲ ಎಂಬುದು ಊರ ರಿವಾಜು. ಚೆಂಡಿಗೂ ಅದೇ ಕಾನೂನು. ಬೌಲರನಿಗಾದರೆ ಮಾಣಿಕ ಚೆಂಡನ್ನು ಉರುಳಿಸುತ್ತಿದ್ದ. ಓಟ ತಡೆಯಬೇಕಾದರೆ ಅವನಿಗೆ ಉಳಿದಿದ್ದದ್ದು ಸ್ಟಂಪು ಒಂದೇ. ಅವನು ಒಗೆದಾಗಲೆಲ್ಲ ನಮ್ಮ ಕೀಪರ್ ಬದಿಗೆ ಸರಿದು ನಿಲ್ಲುತ್ತಿದ್ದ. ಹುಡುಗನ ವೇಗಕ್ಕೆ ಹೆದರಿ ಎಂದು ತಿಳಿದು ನಾಲ್ಕು ವರ್ಷ ಹೆಮ್ಮೆಪಟ್ಟು ಸೀಟಿ ಊದಿದವನು ನಾನು. ದಿನಾ ವಿಭೂತಿ ಹಚ್ಚಿ ಬಸವಣ್ಣನ ಹೆಸರು ಹೇಳುವವನೂ ನಾನೇ. ಮೋಡವಿಲ್ಲದ ದಿನ ಮಳೆಯ ಚಿಂತೆ ಮಾಡುವ ನನಗೆ ಕಣ್ಣೆದುರಿನದು ಕಂಡಿರಲಿಲ್ಲ.

ಆಟದ ಮಾಸ್ತರರ ಬಳಿಗೆ ಹೋಗಿ, "ಇನ್ನೊಂದು ಸಲ ನೋಡ್ರಿ," ಎಂದೆ.

"ನಾಲ್ಕಕ್ಕೆ ನನ್ನ ರೈಲು ಕಣ್ರೀ."

"ಐದು ಮಿನಿಟು, ಅಷ್ಟೇ ಸಾಕ್ರಿ."

ಅವರ ಒಪ್ಪಿಗೆಗೆ ಕಾಯದೆ ನಾನು ಧೋತರದ ಕಚ್ಚೆ ಬಿಗಿದು ಕೀಪರನ ಜಾಗದಲ್ಲಿ ನಿಂತೆ. ಕೀಪರ್ ಹುಡುಗ ಗ್ಲೌಸು ಕೊಡಲು ಬಂದ. ತೊಡುವುದು ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಬೇಡವೆಂದೆ. ಅಂಥ ಮೂರ್ಖತನವನ್ನು ಆಮೇಲೆ ಮಾಡಿಲ್ಲ.

"ಮಾಣಿಕ! ನನ್ನ ಕೈಯಾಗ ಒಗಿ!"

"ಸರ, ನಿಮ್ಮ ಕೈಗ?"

"ನನ್ನ ಕೈಗ! ಜೋರ್ಲೆ ಒಗಿ!"

ಮಾಣಿಕ ಚೆಂಡನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಬಳಿಕ ಅವನ ತೋಳು ಹಿಂದೆ ಹೋದದ್ದಷ್ಟೇ ನನಗೆ ಕಂಡಿದ್ದು. ಚೆಂಡು ಎರಡೂ ಅಂಗೈಗೆ ಬಡಿದು ಸಿಡಿದು ಹೋಯಿತು. ಕಣ್ಣಲ್ಲಿ ನೀರು ಬಂತು. "ಇನ್ನೊಂದು!" ಎಂದೆ. ಎರಡನೆಯದೂ ಬಿತ್ತು, ಮೂರನೆಯದೂ. ಮೂರೂ ಎದೆಯ ಮಟ್ಟಕ್ಕೆ, ಒಂದೇ ಜಾಗಕ್ಕೆ ಬಂದಿದ್ದವು. ನಾಲ್ಕನೆಯದು ಅದು ಹೇಗೋ ಕೈಯಲ್ಲಿ ಉಳಿಯಿತು. ಹಿಡಿದೆನೋ, ನೋವಿಗೆ ಬೆರಳು ಮುಚ್ಚಿಕೊಂಡವೋ, ಹೇಳಲಾರೆ.

"ಸಾಕು ಸಾಕು, ಮೇಷ್ಟ್ರು ಉಳೀಬೇಕಲ್ಲ!" ಎಂದು ಮಾಸ್ತರರು ನಗುತ್ತ ಬಂದರು. ಮಾಣಿಕನನ್ನು ಬಯಲಿನ ಅಂಚಿಗೆ ಕಳಿಸಿ, ಗ್ಲೌಸಿನ ಕೀಪರನಿಗೆ ಒಗೆಯಲು ಹೇಳಿದರು. ಹುಡುಗ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಆರು ಚೆಂಡು ಆರೂ ಗ್ಲೌಸಿನೊಳಗೆ ಸದ್ದು ಮಾಡಿದವು. "ಯಾವೂರೋ ನಿಂದು? ಕೈ ಮುರೀತಲ್ಲೋ ಮಾರಾಯಾ!" ಎಂದು ಕೀಪರ್ ಕೂಗಿದ.

ಮಾಸ್ತರರು ಅಡಿಗೆ ಹೋಗಿದ್ದ ಫಾರಮನ್ನು ಹುಡುಕಿ ತೆಗೆದು, ಅದರ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದರು. "ಬ್ಯಾಟ್ ಹಿಡಿಯೋದು ನಾವು ಕಲಿಸ್ತೀವಿ. ಪಾಸ್ ಮಾಡ್ಕೊಂಡು ಜೂನ್‌ನಲ್ಲಿ ಬಾ," ಎಂದರು. ಅವರು ಚಾಚಿದ ಕೈಯನ್ನು ಮಾಣಿಕ ಒಂದು ಗಳಿಗೆ ನೋಡಿ, ಹಿಡಿದ.

ಸಂಜೆಯ ರೈಲಿಗೆ ಭಾಲ್ಕಿಗೆ ಮರಳಿದೆವು. ಹುಡುಗನನ್ನು ಒಳಗೆ ಕೂಡಿಸು ಎಂದು ಮೈದುನನಿಗೆ ಹೇಳುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ನನ್ನ ತಾಟನ್ನೇ ಹೊರಗೆ ತರಿಸಿಕೊಂಡು ಕಟ್ಟೆಯ ಮೇಲೆ ಅವನ ಪಕ್ಕ ಕುಳಿತೆ. ಮೈದುನನ ಹೆಂಡತಿ ನಮ್ಮಿಬ್ಬರನ್ನೂ ನೋಡಿದಳು, ಇನ್ನೆರಡು ರೊಟ್ಟಿ ತಂದಳು. ನನ್ನ ಬೆರಳು ಬಾಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಇವನನ್ನು ಯಾವ ಸಾಲಿನಲ್ಲಿ ಕೂಡಿಸುತ್ತಾರೋ ಎಂಬ ಚಿಂತೆ ಆಗಲೇ ಹತ್ತಿತ್ತು.

ಮರುದಿನ ಬೆಳಿಗ್ಗೆ ಔರಾದಿನ ಬಸ್ಸಿನಲ್ಲಿ ಟಿಕೇಟು ಹಿಡಿಯಲಾಗದ ನನ್ನ ಕೈ ನೋಡಿ ಕಂಡಕ್ಟರ್ ಕೇಳಿದ, "ಏನಾಯ್ತ್ರಿ ಮಾಸ್ತರ, ಬಾಗಲಾಗ ಸಿಕ್ತೇನು?"

"ಇಲ್ಲಪ್ಪ. ಕ್ಯಾಚ್ ಹಿಡಿದೆ."

"ನೀವ್?" ಅರ್ಧ ಬಸ್ಸು ನನ್ನತ್ತ ತಿರುಗಿತು. "ಎಷ್ಟು ಹಿಡದ್ರಿ?"

ನಾನು ಕೊಡೆ ಸರಿಪಡಿಸಿಕೊಂಡೆ.

"ನಾಲ್ಕರಾಗ ಒಂದ್ರಿ," ಎಂದ ಮಾಣಿಕ. "ಖರೆ, ನಮ್ಮ ಸರ ಬಾಜೂಕ ಸರೀಲಿಲ್ರಿ."