ಉದಯನ ಕಂಪ್ಯೂಟರಿನಲ್ಲೇ ಉಳಿದ ಇಡಗುಂಜಿ

ಹೊನ್ನಾವರದ ಉದಯ ಯಾವ ಪ್ರೋಗ್ರಾಂ ಬರೆಯಲು ಕೂತರೂ ಮೊದಲು ‘ಇಡಗುಂಜಿ’ ಎಂದೊಂದು ಫೋಲ್ಡರ್ ಮಾಡಿ, ಒಳಗೆ ಆ ಕ್ಷೇತ್ರದ ಗಣಪತಿಯ ಫೋಟೊ ಇಡುತ್ತಾನೆ. ನಗಬೇಡಿ. ನಮ್ಮಂಥವರಿಗೆ ಬುದ್ಧಿ ಕೈಕೊಡುವುದೇ ಹೆಚ್ಚು. ಮೇಲೊಬ್ಬನ ಜಾಮೀನು ಇರಲಿ ಎಂದು.

ಕುಮಟಾದ ಮನೆಯಿಂದಲೇ ಅವನ ಜೊತೆ ಕೆಲಸ ಮಾಡುವ ರಂಜಿತಾಗೆ ಇದೊಂದು ಕಿರಿಕಿರಿ. ಇಬ್ಬರೂ ಬರೆದದ್ದು ಇಂಟರ್ನೆಟ್ಟಿನ ಒಂದೇ ಉಗ್ರಾಣ ಸೇರಬೇಕು. ಅಲ್ಲಿದ್ದದ್ದೇ ಆ್ಯಪ್ ಆಗಿ ಹೊರಡುವುದು. ಅವಳು ಅಲ್ಲಿಂದ ಇಳಿಸಿಕೊಂಡಾಗಲೆಲ್ಲ ಗಣಪತಿಯೂ ದಯಮಾಡಿಸುತ್ತಿದ್ದ.

“ಉದಯಣ್ಣ, ಪ್ರೋಗ್ರಾಂಗಿಂತ ಗಣಪತಿಯೇ ಭಾರ ಆತಲ.”

ಉಗ್ರಾಣಕ್ಕೆ ಸಾಮಾನು ಹೊರುವ ಆಳು ಗಿಟ್ ಎಂಬ ಸಾಫ್ಟ್‌ವೇರ್. ‘ಇಡಗುಂಜಿ ಎಂಬ ಫೋಲ್ಡರ್ ಎಲ್ಲಿ ಕಂಡರೂ ಮುಟ್ಟಬೇಡ’ ಎಂದು ಉದಯ ಅದಕ್ಕೆ ಅಪ್ಪಣೆ ಕೊಟ್ಟ. ಕೊಟ್ಟು ಮರೆತ.

ಆಮೇಲೆ ಮುರ್ಡೇಶ್ವರದ ರವೀಂದ್ರನ ಕೆಲಸ ಬಂತು. ಹೊಸ ವ್ಯಾನಿನವನು, ಸೀಟು ಕಾಯ್ದಿರಿಸುವ ಆ್ಯಪ್ ಬೇಕು. ಉದಯ ಊರಿಗೊಂದು ಫೋಲ್ಡರ್ ಮಾಡಿ, ಆಯಾ ಊರಿನ ಟ್ರಿಪ್ಪನ್ನು ಅದರೊಳಗೆ ಬರೆದ. ಫೋಲ್ಡರ್ ಇದ್ದಷ್ಟೂ ಊರು ಆ್ಯಪ್‌ನಲ್ಲಿ ಕಾಣುವಂತೆ ಮಾಡಿದ. ಸಂಕಷ್ಟಿಯ ಹಿಂದಿನ ದಿನ ಬೆಳಿಗ್ಗೆ ಆ್ಯಪ್ ಹೊರಬಿತ್ತು. ಮಧ್ಯಾಹ್ನಕ್ಕೆ ರವೀಂದ್ರನ ಫೋನು.

“ಕರ್ಕಿ ಉಂಟು, ಕುಮಟಾ ಉಂಟು. ಇಡಗುಂಜಿ ಎಲ್ಲಿ ಮಾರಾಯಾ? ನಾಳೆ ಸಂಕಷ್ಟಿಗೆ ವ್ಯಾನ್ ಖಾಲಿ ಹೋದ್ರೆ ನಿನ್ನ ಆ್ಯಪ್ ನಂಗೆ ಬೇಡ.”

“ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಕಾಣ್ತದೆ.”

“ಹಂಗಾರೆ ನಿನ್ ಕಂಪ್ಯೂಟರನ್ನೇ ತಂದು ವ್ಯಾನಿನ ಮುಂದೆ ಕಟ್ಲಾ?”

ಉದಯ ಬರೆದದ್ದನ್ನೆಲ್ಲ ಮತ್ತೆ ಮತ್ತೆ ಓದಿದ. ತಪ್ಪಿಲ್ಲ. ಇಡಗುಂಜಿ ಕಣ್ಣೆದುರೇ ಇದೆ. ಕೊನೆಗೆ ರಂಜಿತಾಗೆ ಫೋನು ಮಾಡಿದ.

“ನನ್ನ ಹತ್ರ ಇಡಗುಂಜಿ ಫೋಲ್ಡರೇ ಬರ್ಲಿಲ್ಲ,” ಎಂದಳು ಅವಳು. “ಉದಯಣ್ಣ, ಗಣಪತಿ ಬರದ ಹಾಗೆ ಮಾಡೂಕೆ ಗಿಟ್‌ಗೆ ಎಂತ ಹೇಳಿಟ್ಟಿರಿ?”

ಉದಯ ಹಣೆ ಚಚ್ಚಿಕೊಂಡ. ಫೋಟೊ ಯಾವುದು, ಟ್ರಿಪ್ಪು ಯಾವುದು ಎಂದು ಆಳಿಗೇನು ಗೊತ್ತು? ಎರಡೂ ಇಡಗುಂಜಿಯೇ, ಎರಡನ್ನೂ ಬಿಟ್ಟು ಹೋಗಿತ್ತು. ಅಪ್ಪಣೆ ಅಳಿಸಿದ್ದೇ ಟ್ರಿಪ್ಪು ಉಗ್ರಾಣ ಸೇರಿತು. ಹಿಂದೆಯೇ ಗಣಪತಿಯೂ.

“ಬರ್ಲಿ ಬಿಡಿ,” ಎಂದಳು ರಂಜಿತಾ. “ಅವನ್ನ ಬಿಟ್ಟು ಹೊರಟದ್ದಕ್ಕೇ ಅಲ್ದಾ ಇಷ್ಟೆಲ್ಲ?”

ಸಂಜೆ ಉದಯನೇ ರವೀಂದ್ರನಿಗೆ ಫೋನು ಮಾಡಿದ. “ನಾಳೆ ನಾನೂ ಬರ್ತೆ. ತಪ್ಪುಕಾಣಿಕೆ ಹಾಕೂದಿದೆ. ಒಂದು ಸೀಟು ಇಡು.”

“ನಿನ್ನ ಆ್ಯಪ್‌ನಲ್ಲೇ ನೋಡು ಮಾರಾಯಾ.”

ನೋಡಿದ. ಒಂದು ಸೀಟೂ ಉಳಿದಿರಲಿಲ್ಲ.

ಮರುದಿನ ಉದಯ ಸ್ಕೂಟರ್ ಏರಿ, ಆ ವ್ಯಾನು ಎಬ್ಬಿಸಿದ ಧೂಳನ್ನೆಲ್ಲ ತಿನ್ನುತ್ತ ಇಡಗುಂಜಿಗೆ ಹೋದ. ಧೂಳು ಅಷ್ಟು ರುಚಿಯಾಗಿರುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.